ಅರಗಿನ ಗೆರೆ

ತಾನು ಕೊಂಡ ಬೊಂಬೆ ಕಡೆಯುವ ಲೇತನ್ನು ಕಟ್ಟಿ ಒಯ್ಯಲು ಹಗ್ಗ ಹಿಡಿದು ಬಂದ ಓವೈಸ್ ಬಾಗಿಲಲ್ಲೇ ನಿಂತ. ಲೇತಿನ ಮುಂದೆ ಸಿದ್ದಯ್ಯ ಇನ್ನೂ ಕೂತಿದ್ದ.

“ಒಸಿ ತಡಿಯಪ್ಪಾ. ಮಾರಿದ್ದು ಮಾರಿದ್ದೇ. ಇದೊಂದ ಮುಗಿಸ್ಬುಡ್ತೀನಿ.”

ಕಣ್ಣಿನ ಆಪರೇಷನ್ ಆದಮೇಲೆ ಸಿದ್ದಯ್ಯ ಕಡೆದ ಬೊಂಬೆಗಳು ಕತ್ತು ಸೊಟ್ಟ ಎಂದು ವಾಪಸ್ ಬಂದಿದ್ದವು. ಲೇತ್ ಮಾರಿಬಿಡೋಣ ಎಂದವಳು ಮಗಳು ಭಾನುಪ್ರಿಯ. ಈಗ ಅವಳು ಬೇರೆಯವರು ಮಾಡಿದ ಬೊಂಬೆಗಳನ್ನು ಮಾರಿ ಅಂಚೆಯಲ್ಲಿ ಕಳಿಸುತ್ತಾಳೆ. ಡಬ್ಬಿಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸುವುದು ಅಪ್ಪನ ಕೆಲಸ.

ಬೆಳಿಗ್ಗೆ ಅವನು ಒಂದು ಚೀಟಿಯನ್ನು ಅಂಟಿಸದೆ ಬಹಳ ಹೊತ್ತು ನೋಡಿದ್ದ. “ಈ ಗೆರೆ ಎಳ್ದೋರು ಯಾರವ್ವ?”

“ಕಂಪ್ಯೂಟರು. ನಾನು ಅಂಚೆ ನಂಬರ್ ಕೊಟ್ರೆ ಅದು ಗೆರೆ ಮಾಡ್ತದೆ. ಹೆಂಗ್ ಮಾಡ್ಬೇಕು ಅಂತ ಯಾವ್ದೋ ದೇಶದೋರು ಬರ್ದು, ಎಲ್ರಿಗೂ ಇರ್ಲಿ ಅಂತ ಬುಟ್ಟವ್ರೆ. ಓಪನ್ ಸೋರ್ಸ್ ಅಂತಾರೆ.”

“ಪುಕ್ಕಟೆನಾ?”

“ಹೂಂ. ಒಳಗೆ ಹೆಂಗೈತೆ ಅಂತಾನೂ ನೋಡ್ಬೌದು.”

“ಕಸುಬು ಬಚ್ಚಿಡ್ದೆ ಕೊಟ್ಟವ್ರಾ!” ಸಿದ್ದಯ್ಯ ಆ ಚೀಟಿಯ ಗೆರೆಗಳನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡ.

ಈಗ ಲೇತಿನಲ್ಲಿ ಲಟ್ಟಣಿಗೆಯಷ್ಟುದ್ದದ ಹಾಲೆಮರದ ಕೋಲು ತಿರುಗುತ್ತಿತ್ತು. ಸಿದ್ದಯ್ಯ ಆ ಪ್ರಿಂಟಿನ ಒಂದೊಂದು ಗೆರೆಯನ್ನೂ ಕೈವಾರದಲ್ಲಿ ಅಳೆದು, ಅಷ್ಟೇ ಅಗಲಕ್ಕೆ ಕಪ್ಪು ಅರಗು ಒತ್ತುತ್ತಿದ್ದ. ಬಿಳಿ ಮರದ ಸುತ್ತ ಬಳೆಗಳಂತೆ ಪಟ್ಟಿಗಳು ಕೂತವು. ಕೊನೆಯದೂ ಆಯಿತು. ಲೇತ್ ನಿಂತಿತು.

ಭಾನುಪ್ರಿಯ ಗೆರೆ ಓದಿಸಲು ಕೋಲಿನ ಎದುರು ಮೊಬೈಲ್ ಹಿಡಿದಳು. ಓದಿದ್ದರೆ ಕೀಂ ಎನ್ನಬೇಕಿತ್ತು; ಸದ್ದು ಮಾಡಲಿಲ್ಲ.

“ಸಾಕಪ್ಪಾ. ಒಂದೇ ಒಂದು ಗೆರೆ ದಪ್ಪ ಆದ್ರೂ ಅದು ಒಪ್ಪಾಕಿಲ್ಲ.”

ಓವೈಸ್ ಮೊಣಕೈಗೆ ಸುತ್ತಿದ್ದ ಹಗ್ಗ ಬಿಚ್ಚಿದ. “ಏಳು ಸಿದ್ದಣ್ಣ, ಆಟೋದವ್ನು ಬೈತಾವ್ನೆ.”

ಸಿದ್ದಯ್ಯ ಕಣ್ಣು ಮುಚ್ಚಿಕೊಂಡ. ಹೆಬ್ಬೆರಳ ಉಗುರನ್ನು ಕೋಲಿನುದ್ದಕ್ಕೂ ಮೆಲ್ಲಗೆ ಜಾರಿಸಿದ. ಪಟ್ಟಿ, ಸಂದು, ಪಟ್ಟಿ. ಕೊನೆಯ ಹತ್ತಿರ ಉಗುರು ನಿಂತಿತು.

“ಇಲ್ಲೈತೆ, ದಪ್ಪ.”

ಲೇತ್ ತಿರುಗಿತು. ಕಣ್ಣು ಮುಚ್ಚಿಯೇ ಉಳಿ ಮುಟ್ಟಿಸಿದ. ಕೂದಲಿನಂಥ ಕಪ್ಪು ಎಳೆಯೊಂದು ಕೆಳಗೆ ಬಿತ್ತು.

ಮೊಬೈಲ್ ಕೀಂ ಎಂದಿತು.

ಪರದೆಯಲ್ಲಿ ಅಂಚೆ ನಂಬರಿನ ಹದಿಮೂರು ಅಕ್ಷರ, ಅಂಕಿ. ಭಾನುಪ್ರಿಯ ಅವನ್ನು ಚೀಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದಳು. ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ನೋಡಿದಳು.

“ಏನಂತೆ?” ಎಂದ ಅಪ್ಪ.

“ಒಂದೂ ತಪ್ಪಿಲ್ಲಪ್ಪಾ” ಎಂದಳು ಅವಳು. ಬಾಗಿಲಲ್ಲಿ ಓವೈಸ್, ಯಾರೂ ಹೇಳದಿದ್ದರೂ, ಲೇತಿಗೆ ಕಟ್ಟಬೇಕಿದ್ದ ಹಗ್ಗವನ್ನು ಮತ್ತೆ ತನ್ನ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ.