ಊರ ನುಡಿ

“ನನ್ನ ಮಗ ಖಾಂಪನ್ ಬ್ಯಾಂಕಾಕಿನ್ಯಾಗ ಮಾಳಿಗಿ ಕಟ್ಟೋ ಕೆಲಸಕ್ಕ ಬಂದಾನ್ರೀ. ಭಾಳ ದಿನಾತು, ಫೋನ್ ಇಲ್ಲ, ಸುದ್ದಿ ಇಲ್ಲ. ರೇಡಿಯೋದಾಗ ಅವನ ಹೆಸರು ಹೇಳ್ತೀರೇನ್ರೀ?”

ಹೆಡ್‌ಫೋನಿನಲ್ಲಿ ಆ ಮುದುಕಿಯ ದನಿ ಕೇಳುತ್ತಲೇ ನಿರೂಪಕಿ ವಿಲಾವನ್ ಥಟ್ಟನೆ ತಲೆಯೆತ್ತಿದಳು. ಅದು ಥಾಯ್ಲೆಂಡಿನ ಈಶಾನ್ಯದ ಈಸಾನ್ ಸೀಮೆಯ ಮಾತು, ಅವಳ ಸ್ವಂತ ಮನೆಯ ಮಾತು. ಬ್ಯಾಂಕಾಕಿನ ಈ ರೇಡಿಯೋ ಕೇಂದ್ರಕ್ಕೆ ಸೇರಿದಂದಿನಿಂದ ಬಾಯಿತಪ್ಪಿಯೂ ಆಡದ ಮಾತು. ಊರು ಯಾವುದೆಂದು ಕೇಳಿದವರಿಗೆಲ್ಲ ‘ಹುಟ್ಟಿದ್ದೂ ಬೆಳೆದಿದ್ದೂ ಇಲ್ಲೇ’ ಎಂದುಬಿಟ್ಟಿದ್ದಳು.

ಪಕ್ಕದಲ್ಲಿ ಕೂತ ಸಹ ನಿರೂಪಕ ಕ್ರಿತ್ ಮೈಕಿಗೆ ಬಾಯಿ ಹಚ್ಚಿ ಮುದುಕಿಯ ರಾಗವನ್ನೇ ಎಳೆದ: “ಫೋನ್ ಇಲ್ರೀ, ಸುದ್ದಿ ಇಲ್ರೀ! ಕೇಳುಗರೇ, ಏನಾದ್ರೂ ಅರ್ಥ ಆಯ್ತಾ? ಫೋನಿನಲ್ಲೇ ಈಸಾನಿನವರು ತಿನ್ನೋ ಕೊಳೆಸಿದ ಮೀನಿನ ವಾಸನೆ ಹೊಡೀತಿದೆ, ಅಲ್ವಾ ವಿಲಾವನ್?”

ಎಂದಿನಂತೆ ಅವಳು ನಗಬೇಕಿತ್ತು. ನಗು ತುಟಿಯವರೆಗೆ ಬಂದೂ ಇತ್ತು. ಅಷ್ಟರಲ್ಲಿ ಮುದುಕಿ ಸಣ್ಣ ದನಿಯಲ್ಲಿ, “ತಪ್ಪಾತ್ರೀ... ನನಗ ನಿಮ್ಮಂಗ ಚಲೋ ಮಾತಾಡಾಕ ಬರಂಗಿಲ್ಲ,” ಎಂದಳು.

ವಿಲಾವನಳ ಮೈ ಉರಿದುಹೋಯಿತು. ಮಗನ ಸುಳಿವಿಲ್ಲದ ತಾಯಿ ಇವನೆದುರು ತಪ್ಪಾಯಿತು ಎನ್ನಬೇಕೆ?

“ಯವ್ವಾ, ನಿಮ್ಮ ಮಾತು ಚಲೋನ ಐತಿ. ನಾನೂ ಈಸಾನಿನ ಯಸೋಥೋನ್ ಕಡಿಯಾಕಿನ. ಮಗ ಎಲ್ಲಿ ಕೆಲಸಕ್ಕ ಹೋಗ್ತೀನಂದಿದ್ದ, ಹೇಳ್ರಿ.”

“ಅಯ್ಯ ನನ್ನವ್ವಾ, ನಮ್ಮಾಕಿನ ಏನ!” ಮುದುಕಿ ಬಿಕ್ಕಿದಳು. “ನದೀ ದಂಡಿಗೆ ದೊಡ್ಡ ಹೋಟೆಲ್ಲು ಕಟ್ಟಾಕ ಹತ್ಯಾರಂತ...”

ಲೈನ್ ಕಡಿಯಿತು. ಗಾಜಿನಾಚೆ ಕೂತಿದ್ದ ಕಾರ್ಯಕ್ರಮದ ಮುಖ್ಯಸ್ಥೆ ಓರತೈ, ಮೈ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತು ಹಚ್ಚಿ ಒಳನುಗ್ಗಿದಳು.

“ಬುದ್ಧಿ ಇದೆಯಾ ನಿಂಗೆ? ಇದೇನು ಹಳ್ಳಿ ಸಂತೆನಾ? ಜಾಹೀರಾತು ಕೊಡೋರು ಕೇಳಿದ್ರೆ ಏನಂತಾರೆ?”

“ಅವರ ಮಗ ಕಾಣ್ತಿಲ್ಲ ಅಕ್ಕಾ.”

“ಅಂದ್ರೆ ನೀನೂ ಹಳ್ಳಿಗುಗ್ಗುನೇ!” ಕ್ರಿತ್ ಕಿಸಕ್ಕನೆ ನಕ್ಕ. “ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ ಕಣೇ!”

“ಕ್ಷಮೆ ಕೇಳು,” ಓರತೈ ಹಲ್ಲು ಕಡಿದಳು. “ಜಾಹೀರಾತು ಮುಗಿದ ಕೂಡಲೇ, ಶುದ್ಧ ಭಾಷೆಯಲ್ಲಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಜಾಹೀರಾತು ಮುಗಿದು ಪ್ರಸಾರದ ಕೆಂಪು ದೀಪ ಹತ್ತಿತು. ವಿಲಾವನ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಯವ್ವಾ, ಇಲ್ಲಿ ನಕ್ಕವರ ಸಲುವಾಗಿ ನಾ ಕ್ಷಮಾ ಕೇಳ್ತೀನಿ,” ಎಂದಳು, ಈಸಾನ್ ನುಡಿಯಲ್ಲೇ. “ಕೇಳಾಕ ಹತ್ತಿದ ನಮ್ಮ ಮಂದೀಗೆಲ್ಲ ಹೇಳ್ತೀನಿ: ಖಾಂಪನ್ ಅಂತ ಹುಡುಗ, ನದೀ ದಂಡೀ ಹೋಟೆಲ್ಲಿನ ಕೆಲಸಕ್ಕ ಬಂದಾಂವ. ಯಾರರೆ ಕಂಡಿದ್ರ ಫೋನ್ ಹಚ್ರಿ.”

ಓರತೈ ಪ್ರಸಾರ ನಿಲ್ಲಿಸುವ ಗುಂಡಿ ಒತ್ತಲು ಹೊರಗೋಡಿದಳು. ಅಷ್ಟರೊಳಗೆ ವಿಲಾವನ್ ಹೇಳಿಬಿಟ್ಟಳು:

“ಈ ಊರಾಗ ಎದ್ದು ನಿಂತ ಮಾಳಿಗಿ ಎಲ್ಲಾ ನಮ್ಮ ಕೈಲೆ ಕಟ್ಟಿಸಿಕೊಂಡ್ರು. ಅದರಾಗ ಕುಂತು ಮಾತಾಡಾಕಷ್ಟ ನಾವು ಬ್ಯಾಡೇನು?”