ಡಿಸ್ಕಿನಲ್ಲಿ ದೋಷವಿಲ್ಲ

ಬೆಳಿಗ್ಗೆ ಹನ್ನೊಂದೂಕಾಲಿಗೆ ಕಥೆಗಾರರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಪಾಸಣೆ ಶುರುವಾಯಿತು. ದೀಪಾವಳಿ ವಿಶೇಷಾಂಕಕ್ಕೆ ಬರೆದ ಕಥೆ, ಡಿಸ್ಕ್ ಕೆಟ್ಟು ಅದರೊಳಗೇ ಸಿಕ್ಕಿಕೊಂಡಿದೆ ಎಂದು ಅವರು ಸಂಪಾದಕರಿಗೆ ಹೇಳಿದ್ದರು. ಎರಡು ತಿಂಗಳಲ್ಲಿ ಅವರು ಕಟ್ಟಿದ ಕಥೆ ಅದೊಂದೇ. ಅದನ್ನು ನಂಬಿದ ಸಂಪಾದಕರು ಪತ್ರಿಕೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಹಿಳೆಯನ್ನೇ ಮನೆಗೆ ಕಳಿಸಿಬಿಟ್ಟಿದ್ದರು.

ಒಂದಾದರೂ ದೋಷ ಸಿಗಲಿ ಎಂದು ಕಥೆಗಾರರು ಕಂಡ ದೇವರಿಗೆಲ್ಲ ಕೈಮುಗಿದರು. ತಪಾಸಣೆ ಮುಗಿಯಿತು.

"ಒಂದೂ ದೋಷ ಇಲ್ಲ ಸಾರ್, ಗಟ್ಟಿಯಾಗಿದೆ," ಎಂದರು ಆಕೆ. "ಕಥೆ ಯಾವ ಫೋಲ್ಡರಿನಲ್ಲಿದೆ?"

"ಯಾವುದರಲ್ಲೂ ಇಲ್ಲಮ್ಮ. ಬರೆದೇ ಇಲ್ಲ."

"ಒಂದು ಪುಟಾನೂ?"

"ಹೆಸರು ಇಟ್ಟಿದ್ದೆ. ಚೆನ್ನಾಗಿರಲಿಲ್ಲ, ಅದನ್ನೂ ಅಳಿಸಿದೆ. ಇಪ್ಪತ್ತು ವರ್ಷದಿಂದ ಒಂದು ವಿಶೇಷಾಂಕವೂ ತಪ್ಪಿಲ್ಲ. ಡಿಸ್ಕ್ ಹೋಗಿದೆ ಅಂತ ಹೇಳಿ ಮಾನ ಉಳಿಸು ತಾಯಿ."

ಆಕೆ ಸ್ವಲ್ಪ ಹೊತ್ತು ಯೋಚಿಸಿ ಸಂಪಾದಕರಿಗೆ ಫೋನ್ ಮಾಡಿದರು. "ಸಾರ್, ಡಿಸ್ಕ್ ಪೂರ್ತಿ ಹೋಗಿದೆ. ಕಥೆ ಸಿಗಲ್ಲ. ಪಾಪ, ತುಂಬಾ ನೊಂದುಕೊಂಡಿದ್ದಾರೆ."

ಫೋನಿಗೆ ಕಾಣುವುದಿಲ್ಲ ಎಂಬುದನ್ನು ಮರೆತು ಕಥೆಗಾರರು ನೊಂದ ಮುಖವನ್ನೂ ಮಾಡಿದರು. ಆಮೇಲೆ ಉಪಕಾರ ಸ್ಮರಿಸುತ್ತ, ತಾವೇ ಕಾಫಿ ಬೆರೆಸಲು ಒಳಗೆ ಹೋದರು.

ಲೋಟ ಹಿಡಿದು ಬಂದಾಗ ಆಕೆ ಇನ್ನೂ ಫೋನಿನಲ್ಲೇ ಇದ್ದರು. "ಖಾಲಿ ಉಳಿದಿರೋದು ನಾಲ್ಕು ಪುಟ ತಾನೇ ಸಾರ್? ನನ್ನ ಹತ್ತಿರ ಒಂದು ಕಥೆ ಇದೆ. ಮೂರು ವರ್ಷದಿಂದ ನಿಮಗೆ ಕಳಿಸ್ತಾನೇ ಇದ್ದೀನಿ."

ಆ ಸಲದ ವಿಶೇಷಾಂಕದಲ್ಲಿ ಅದು ಮೊದಲ ಕಥೆಯಾಗಿ ಅಚ್ಚಾಯಿತು.