ತೋಟದವಳ ನಂಬರು

ಔಷಧಿ ತುಂಬಿದ ಸ್ಪ್ರೇಯರನ್ನು ಬೆನ್ನಿಗೇರಿಸಿ ಟೊಮೆಟೊ ಸಾಲಿಗೆ ಇಳಿಯುವಾಗಲೇ ಅನುಸೂಯಮ್ಮನ ಮೊಬೈಲ್ ರಿಂಗಾಯಿತು.

"ಕೃಷಿ ಸಲಹೆ ಕೇಂದ್ರದಿಂದ ಅಕ್ಕ. ಸಂಜೆ ಮಳೆಯಿದೆ, ಇವತ್ತು ಔಷಧಿ ಹೊಡೀಬೇಡಿ," ಎಂದಳು ಹುಡುಗಿಯೊಬ್ಬಳು.

ಇಂಥ ಕರೆಗಳು ಬರುತ್ತಿದ್ದುದು ಗಂಡ ನಲ್ಲಪ್ಪನ ಫೋನಿಗೆ. ಅವನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಗೇಟ್ ಕಾಯುವವನು. ಡ್ಯೂಟಿಯಲ್ಲಿ ಫೋನ್ ಮುಟ್ಟುವಂತಿರಲಿಲ್ಲ. ಹೋದ ವಾರ ಅವನು ಮನೆಗೆ ಬಂದು ಹೇಳುವಷ್ಟರಲ್ಲಿ ಹೊಡೆದ ಔಷಧಿಯೆಲ್ಲ ಮಳೆಗೆ ತೊಳೆದುಹೋಗಿ, ಅರ್ಧ ತೋಟಕ್ಕೆ ರೋಗ ಹರಡಿತ್ತು. ಮಿಕ್ಕ ಅರ್ಧವಾದರೂ ಉಳಿಯಬೇಕಿತ್ತು.

"ನಮ್ ಯಜಮಾನ್ರಿಗೆ ಮಾಡವ್ವ. ಎಲ್ಲಾ ಅವ್ರಿಗೇ ಏಳೋದು."

ಹುಡುಗಿ ನಕ್ಕಳು. "ನಿಮ್ ನಂಬರ್ ಬರ್ಸಿದ್ದೇ ಅವ್ರು ಅಕ್ಕ. 'ಗೇಟ್ ಕಾಯೋನಿಗೆ ಬೆಳೆ ಇಚಾರ ಏಳ್ತೀರಲ್ಲ, ಬುದ್ಧಿ ಐತೇನ್ರೀ? ರೈತ್ರು ಅಂದ್ರೆ ಅವ್ಳು, ಅವಳ ಎಸ್ರು ಬರ್ಕಳಿ' ಅಂತ ನಮ್ಗೇ ಬೈದ್ರು."

ಅನುಸೂಯಮ್ಮ ಸ್ಪ್ರೇಯರ್ ಇಳಿಸಿ ಬದುವಿನ ಮೇಲೆ ಕೂತಳು. ಸಾರಿಗೆ ಉಪ್ಪು ಕಮ್ಮಿ ಎಂದು ಬೆಳಗ್ಗೆ ಊರು ಕೇಳುವಂತೆ ಕೂಗಾಡಿ ಹೋದವನು, ಇದನ್ನು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಫೋನನ್ನು ಸೆರಗಿನಿಂದ ಒರೆಸಿ ಮತ್ತೆ ಕಿವಿಗಿಟ್ಟಳು.

"ಇಟ್ಬಿಡಬ್ಯಾಡ ಮಗಾ. ಎಲೆ ಮುದುರ್ಕಂತಾವೆ, ಯಾಕೆ ಅಂತ ನಾನೇ ಕೇಳ್ಬೋದಾ?"